ಕೂತು ಮಾಡುವ ಕೆಲಸ

ಪಟ್ಟಿ ಬಿಚ್ಚಿದ ಡಾಕ್ಟರು ಮಾತು ನಿಲ್ಲಿಸಿಬಿಟ್ಟರು. ಮಲಗಿದ್ದ ಪವಿತ್ರಾಗೆ ತನ್ನ ಹೊಟ್ಟೆ ಕಾಣುತ್ತಿರಲಿಲ್ಲ, ಅವರ ಮುಖ ಕಾಣುತ್ತಿತ್ತು. ಪಕ್ಕದಲ್ಲಿದ್ದ ಅತ್ತೆ ಮಲ್ಲಾಜಮ್ಮ ಬಗ್ಗಿ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈ ಸೊಂಟದಿಂದ ಆ ಸೊಂಟಕ್ಕೆ ಎಳೆದ ಹೊಲಿಗೆಯ ನಡುವೆ ಅಂಗೈಯಗಲ ಚರ್ಮ ಕಪ್ಪಗಾಗಿತ್ತು.

"ಇಲ್ಲಿ ಒತ್ತಿದರೆ ಗೊತ್ತಾಗುತ್ತಾ?"

"ಇಲ್ಲ ಸಾರ್."

"ಇಲ್ಲಿ, ಮೇಲೆ?"

"ಅಲ್ಲೂ ಇಲ್ಲ."

"ಸ್ಪರ್ಶ ಕೆಲವರಿಗೆ ಪೂರ್ತಿ ವಾಪಸ್ ಬರೋದಿಲ್ಲ, ಅದನ್ನು ಮೊದಲೇ ಹೇಳಿದ್ದೆ. ಆದರೆ ಇಲ್ಲಿ ಚರ್ಮವೇ ಸತ್ತಿದೆಯಲ್ಲ. ಭಾರ ಎತ್ತಿದ್ರಾ?"

"ಒಂದ್ ಚೊಂಬು ನೀರೂ ಎತ್ತಿಲ್ಲ ಸಾರ್."

ಅದು ನಿಜವೇ. ಆಪರೇಷನ್ ಮುಗಿಸಿಕೊಂಡು ಹುಣಸೂರಿನ ಈ ನರ್ಸಿಂಗ್ ಹೋಮಿನಿಂದ ಪಿರಿಯಾಪಟ್ಟಣದ ಪಕ್ಕದ ಊರಿಗೆ ಹೋದ ಮೇಲೆ, ಈ ಹನ್ನೆರಡು ದಿನ ಅವಳು ಬಗ್ಗಿರಲಿಲ್ಲ, ಎತ್ತಿರಲಿಲ್ಲ. ಹೊಟ್ಟೆಯ ಸಡಿಲ ಚರ್ಮ ಕತ್ತರಿಸಿ ಬಿಗಿಯಾಗಿ ಹೊಲಿಯುವ ಈ ಆಪರೇಷನ್ ಮಾಡಿಸಿಕೊಂಡಿದ್ದು ಒಂದೇ ಒಂದು ಪ್ರಶ್ನೆಯ ಕಾಟ ತಪ್ಪಲಿ ಎಂದು. ಮೂರು ಹೆತ್ತ ಹೊಟ್ಟೆ ಜೋತುಬಿದ್ದಿತ್ತು. ಕೊನೆಯವಳು ಕಾವ್ಯಶ್ರೀ ಮೂರನೇ ಕ್ಲಾಸಿಗೆ ಬಂದರೂ ಸಂತೆಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಯಾರಾದರೊಬ್ಬರು ಅಕ್ಕರೆಯಿಂದಲೇ ಕೇಳುತ್ತಿದ್ದರು, "ಏಸ್ ತಿಂಗ್ಳವ್ವ?" ಮಿರ್ಲೆಯಲ್ಲಿ ನಾದಿನಿಯ ಸೀಮಂತಕ್ಕೆ ಹೋದಾಗ ಕಣ್ಣು ಮಂಜಾದ ಅಜ್ಜಿಯೊಬ್ಬಳು ಇವಳನ್ನೂ ಕೂರಿಸಿಕೊಂಡು ಕೈತುಂಬ ಹಸಿರು ಬಳೆ ತೊಡಿಸಿಬಿಟ್ಟಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಪವಿತ್ರಾ ಕೂಡ ನಕ್ಕಳು. ಮನೆಗೆ ಬಂದವಳೇ ಆ ಬಳೆಗಳನ್ನು ಒಂದೊಂದಾಗಿ ಒಡೆದಳು.

"ಹೆತ್ತ ಹೊಟ್ಟೆ ಅಲ್ವೇನೇ ಅದು? ಸುಮ್ಕೆ ಯಾಕೆ ಕುಯ್ಸ್ಕಂಡೀಯೆ?" ಎಂದು ಮಲ್ಲಾಜಮ್ಮ ತಿಂಗಳುಗಟ್ಟಲೆ ಗೊಣಗಿದ್ದಳು. ಆಪರೇಷನ್ ಆದ ಮೇಲೆ ಮಾತ್ರ ಬಾಣಂತಿಯಂತೆ ನೋಡಿಕೊಂಡಳು. ಬಾಯಿ ಜೋರಿದ್ದರೂ ಕರುಳು ಒಳ್ಳೆಯದು.

ಡಾಕ್ಟರ ಕಣ್ಣು ಈಗ ಪವಿತ್ರಾಳ ಕೈಗಳ ಮೇಲೆ ನಿಂತಿತ್ತು. ಬೆರಳಿನ ಸಂದು, ಉಗುರಿನ ಸುತ್ತ, ಅಂಗೈ ಎಲ್ಲ ಟಾರು ಮೆತ್ತಿದ ಹಾಗೆ ಕಪ್ಪಗಿತ್ತು.

"ಇದೇನಮ್ಮ?"

"ಹೊಗೆಸೊಪ್ಪಿನ ಅಂಟು ಸಾರ್. ಹುಣಸೆಹಣ್ಣು ಹಾಕಿ ಉಜ್ಜಿದ್ರೂ ಬೇಗ ಹೋಗಲ್ಲ."

ಆಗಸ್ಟ್ ತಿಂಗಳು. ಗಿಡದಿಂದ ಮುರಿದ ಸೊಪ್ಪು ಅವತ್ತೇ ಕಡ್ಡಿಗೆ ಕಟ್ಟಿಸಿಕೊಂಡು, ಬಿಸಿ ಹಾಯಿಸಿ ಒಣಗಿಸುವ ಬ್ಯಾರನ್ ಸೇರಬೇಕು, ಬಾಡಿದರೆ ಕೆಟ್ಟಿತು. ಸೊಪ್ಪು ಕಟ್ಟುವ ಆಳುಗಳು ಕೈಕೊಟ್ಟಿದ್ದರು. ಸೊಸೆ ಬಗ್ಗದಿರಲಿ ಎಂದು ಮಲ್ಲಾಜಮ್ಮನೇ ಕುರ್ಚಿ ಹಾಕಿ, ಬೆನ್ನಿಗೆ ದಿಂಬು ಕೊಟ್ಟು, ಎದುರಿಗೊಂದು ಬೆಂಚಿಟ್ಟು, ಅದರ ಮೇಲೆ ಹಸಿ ಸೊಪ್ಪನ್ನು ಕೈಗೆಟುಕುವಂತೆ ರಾಶಿ ಹಾಕಿದ್ದಳು. ಕೂತು ಮಾಡುವ ಕೆಲಸ. ಎಂಟು ದಿನ, ಬೆಳಗಿನಿಂದ ಸಂಜೆಯವರೆಗೆ ಪವಿತ್ರಾ ಕಟ್ಟಿದ್ದಳು.

ಡಾಕ್ಟರು ಕನ್ನಡಕ ತೆಗೆದರು. "ಹಸಿ ಎಲೆಯ ವಿಷ ಕೈಯಿಂದಲೇ ರಕ್ತಕ್ಕೆ ಇಳಿಯುತ್ತಮ್ಮ. ಸೇದಿದಷ್ಟೇ ಕೆಟ್ಟದ್ದು. ರಕ್ತನಾಳ ಬಿಗಿದುಕೊಂಡು, ಹೊಲಿದ ಚರ್ಮಕ್ಕೆ ರಕ್ತ ಸಾಲದೆ ಹೀಗಾಗಿದೆ. ಸಿಗರೇಟು, ಬೀಡಿ ಸೇದ್ತೀರಾ ಅಂತ ಎರಡೆರಡು ಸಲ ಕೇಳಿದ್ದೆನಲ್ಲ?"

ಕೇಳಿದ್ದರು. ಎರಡು ಸಲವೂ ಪವಿತ್ರಾ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿದ್ದಳು. ಮಲ್ಲಾಜಮ್ಮ ಮುಂದೆ ಬಂದಳು.

"ಸೇದ್ತೀರಾ ಅಂತ ಕೇಳುದ್ರಿ ಸ್ವಾಮಿ. ಬೆಳೀತೀರಾ ಅಂತ ಕೇಳ್ನಿಲ್ವಲ್ಲ."

ಡಾಕ್ಟರು ಕತ್ತರಿಗೆ ಕೈ ಹಾಕಿದರು. ಸತ್ತ ಚರ್ಮ ಕತ್ತರಿಸಿ, ಗಾಯ ತೆರೆದೇ ಇಟ್ಟು ಗಾಜ್ ಬಟ್ಟೆ ತುಂಬಿದರು. ದಿನ ಬಿಟ್ಟು ದಿನ ಬರಬೇಕು, ಎರಡು ತಿಂಗಳು ಹಿಡಿಯಬಹುದು, ಕಲೆ ಅಗಲವಾಗಿಯೇ ಉಳಿಯುತ್ತದೆ ಎಂದರು. ಹೊಟ್ಟೆಯ ಸುತ್ತ ದಪ್ಪನೆಯ ಬೆಲ್ಟು ಮತ್ತೆ ಬಿಗಿಯಿತು. ಕತ್ತರಿಸುವಾಗ ಪವಿತ್ರಾಗೆ ನೋವೇ ಆಗಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಅಳು ಬಂತು.

ಬಸ್ಸು ಹತ್ತುವ ಮೊದಲು ಮಲ್ಲಾಜಮ್ಮ ಎಲ್ಲೋ ನೋಡುತ್ತ, "ಸೊಪ್ಪ ತಂದು ನಿನ್ ಮುಂದೆ ಸುರ್ದೋಳು ನಾನೇ ಕಣೇ" ಎಂದಳು.

"ಬುಡಿ ಅತ್ತೆ. ನಿಮ್ಗೇನ್ ಗೊತ್ತಿತ್ತು."

ಬಸ್ಸು ತುಂಬಿತ್ತು. ಬೆನ್ನು ನೆಟ್ಟಗೆ ಮಾಡಲಾಗದೆ ಪವಿತ್ರಾ ಮುಂದಕ್ಕೆ ಬಾಗಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ನಿಂತಳು. ಸೀಟಿನಲ್ಲಿದ್ದ ಹೆಂಗಸೊಬ್ಬಳು ಇವಳ ನಿಲುವನ್ನೂ ಸೀರೆಯೊಳಗೆ ಉಬ್ಬಿದ ಬೆಲ್ಟನ್ನೂ ನೋಡಿ ಮರುಗಿದಳು.

"ಅಯ್ಯೋ, ಏಸ್ ತಿಂಗ್ಳವ್ವ?"

ಪವಿತ್ರಾ ಬಾಯಿ ತೆರೆಯುವ ಮೊದಲೇ ಅರವತ್ತೈದು ದಾಟಿದ ಮಲ್ಲಾಜಮ್ಮ ಅಡ್ಡ ನಿಂತಳು.

"ಅವ್ಳಿಗಲ್ಲ ಕಣವ್ವ, ನಂಗೆ. ಏಳು ತುಂಬೈತೆ. ಎದ್ದು ಜಾಗ ಬುಡು."

ಸುತ್ತಲಿನವರೆಲ್ಲ ಘೊಳ್ಳೆಂದರು. ಆ ಹೆಂಗಸೂ ನಗುತ್ತಲೇ ಎದ್ದಳು. ಮಲ್ಲಾಜಮ್ಮ ಸೊಸೆಯನ್ನು ಸೀಟಿನಲ್ಲಿ ಕೂರಿಸಿದಳು. ಪವಿತ್ರಾಗೂ ನಗು ಉಕ್ಕಿ ಬಂತು.

"ನಗ್ಬ್ಯಾಡ್ವೇ, ಹೊಲ್ಗೆ ಬಿಚ್ಕಂಡಾತು!" ಎಂದು ಮಲ್ಲಾಜಮ್ಮ ಸೊಪ್ಪಿನ ಅಂಟು ಮೆತ್ತಿದ ತನ್ನ ಕರಿ ಅಂಗೈಯನ್ನು ಬೆಲ್ಟಿನ ಮೇಲಂಚಿನಲ್ಲಿ, ಸೊಸೆಯ ಹೊಕ್ಕುಳ ಹತ್ತಿರದ ಬರಿ ಹೊಟ್ಟೆಗೆ ಒತ್ತಿ ಹಿಡಿದಳು.

ಪವಿತ್ರಾ ತಲೆ ತಗ್ಗಿಸಿ ಆ ಕೈಯನ್ನೇ ನೋಡಿದಳು. ಅತ್ತೆಯ ಕೈ ಅಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಹೊಟ್ಟೆಗೆ ತಿಳಿಯುತ್ತಿರಲಿಲ್ಲ.