ಎರಡನೇ ಮುಖ

“ಕಿಟಕಿಗೆ ಕರ್ಟನ್ ಎಳೀರಿ. ಹಿಂದಿನಿಂದ ಬಿಸಿಲು ಬೀಳ್ತಿದೆ, ಮುಖ ಸರಿಯಾಗಿ ಕಾಣ್ತಿಲ್ಲ,” ಎಂದಳು ಮೇಲ್ವಿಚಾರಕಿ ಮೈಕಿನಲ್ಲಿ. ಬೆಳಗ್ಗಿನಿಂದ ಇದೇ ಮಾತನ್ನು ಹೇಳಿ ಹೇಳಿ ಅವಳ ಗಂಟಲು ಒಣಗಿಹೋಗಿತ್ತು. ಮನೆಯಲ್ಲೇ ಕೂತು ಕಂಪ್ಯೂಟರ್ ಸರ್ಟಿಫಿಕೇಟಿನ ಪರೀಕ್ಷೆ ಬರೆಯುವವರನ್ನು ಕ್ಯಾಮೆರಾದಲ್ಲಿ ಕಾಯುವುದು ಅವಳ ಕೆಲಸ. ಮೇಲ್ವಿಚಾರಕಿ ಅನ್ನುವುದು ಹೆಸರಿಗೆ ಮಾತ್ರ. ಮಾಡುವುದು ಊರವರ ಮನೆಯೊಳಗೆ ಇಣುಕುವ ಕೆಲಸ.

ಆ ಕಡೆಯ ಹುಡುಗಿ ಓಡಿಹೋಗಿ ಕರ್ಟನ್ ಎಳೆದಳು. ಕೋಣೆ ಮಬ್ಬಾಯಿತು. ಲ್ಯಾಪ್‌ಟಾಪ್ ಎತ್ತಿ ಮೇಜಿನಡಿ, ಮಂಚದಡಿ, ಬಾಗಿಲ ಸಂದಿ ಎಲ್ಲ ತೋರಿಸಿದಳು. ಕೂದಲು ಸರಿಸಿ ಎರಡೂ ಕಿವಿ ತೋರಿಸಿದಳು. ಕೈ ತೋರಿಸುತ್ತಲೇ ಇತ್ತು, ಬಾಯಿ ಮಾತಾಡುತ್ತಲೇ ಇತ್ತು.

“ಡಿಗ್ರಿ ಅರ್ಧಕ್ಕೇ ನಿಂತುಹೋಯ್ತು ಮೇಡಂ. ಒಂದು ಕಂಪನಿಯವರು, ಡಿಗ್ರಿ ಇಲ್ಲದಿದ್ರೂ ಪರವಾಗಿಲ್ಲ, ಈ ಸರ್ಟಿಫಿಕೇಟ್ ತಗೊಂಡು ಬಾ, ಸೋಮವಾರವೇ ಕೆಲಸಕ್ಕೆ ಸೇರ್ಕೋ ಅಂದಿದ್ದಾರೆ. ಇದೊಂದು ಆಗಿಬಿಟ್ರೆ ಸಾಕು ಮೇಡಂ.”

“ಮಾತು ಬೇಡ. ಮನೇಲಿ ಬೇರೆ ಯಾರಿದ್ದಾರೆ?”

“ಅಜ್ಜಿ ಒಬ್ರೇ. ಈ ಕಡೆ ತಲೆ ಹಾಕ್ಬೇಡ ಅಂತ ಹೇಳಿದ್ದೀನಿ.”

“ಕ್ಯಾಮೆರಾದಲ್ಲಿ ಎರಡನೇ ಮುಖ ಕಂಡ್ರೆ ಪರೀಕ್ಷೆ ಅಲ್ಲಿಗೇ ರದ್ದು. ಆಮೇಲೆ ಒಂದು ವರ್ಷ ಮತ್ತೆ ಕೂರೋ ಹಾಗಿಲ್ಲ. ಸರಿ, ಶುರು ಮಾಡಿ.”

ಡಿಗ್ರಿ ಇಲ್ಲದಿದ್ದರೂ ಪರವಾಗಿಲ್ಲ ಅನ್ನುವವರೂ ಇದ್ದಾರಾ! ಮೇಲ್ವಿಚಾರಕಿಗೆ ಅಸೂಯೆಯಾಯಿತು. ಕಂಪ್ಯೂಟರಿನಲ್ಲೇ ಎಂ.ಎಸ್ಸಿ. ಮಾಡಿಕೊಂಡು ಅವಳು ಹೋದಲ್ಲೆಲ್ಲ, ಡಿಗ್ರಿ ಇದೆ ಸರಿ, ಸರ್ಟಿಫಿಕೇಟ್ ಎಲ್ಲಮ್ಮ ಎಂದೇ ಕೇಳಿದ್ದರು. ಆದರೂ ನೋಡುತ್ತ ನೋಡುತ್ತ ಅವಳ ಮನಸ್ಸು ಹುಡುಗಿಯ ಕಡೆಗೇ ವಾಲಿತು. ಹುಡುಗಿ ಪ್ರಶ್ನೆ ಓದುವಾಗ ತುಟಿ ಕಚ್ಚುತ್ತಿದ್ದಳು, ಉತ್ತರ ಒತ್ತಿದ ಮೇಲೆ ತನ್ನಷ್ಟಕ್ಕೇ ತಲೆಯಾಡಿಸುತ್ತಿದ್ದಳು. ಪಾಸಾಗಲಿ ಪಾಪ, ಒಬ್ಬಳಾದರೂ ದಡ ಸೇರಲಿ ಎಂದುಕೊಂಡಳು.

ಪರೀಕ್ಷೆ ಮುಗಿಯುತ್ತ ಬಂದಿತ್ತು. ಹುಡುಗಿಯ ಬೆನ್ನ ಹಿಂದೆ ಬಾಗಿಲು ತೆರೆಯಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮುದುಕಿಯೊಬ್ಬಳು ಬಂದಳು.

“ಇದೇನೇ ಹುಡುಗಿ, ಮಟಮಟ ಮಧ್ಯಾಹ್ನ ಹೀಗೆ ಕತ್ತಲೆ ಮಾಡ್ಕೊಂಡು ಕೂತಿದ್ದೀಯ!” ಎನ್ನುತ್ತ ಸೀದಾ ಹೋಗಿ ಕರ್ಟನ್ ಸರ್ರನೆ ಸರಿಸಿದಳು. ಕೋಣೆಯ ತುಂಬ ಬಿಸಿಲು. ಹುಡುಗಿಯ ಮುಖ ಮಾತ್ರ ಬಿಳಿಚಿಕೊಂಡಿತು. ಮೇಲ್ವಿಚಾರಕಿಯ ತೆರೆಯ ಮೇಲೆ ಇಬ್ಬರ ಮುಖದ ಸುತ್ತಲೂ ಕೆಂಪು ಗೆರೆ ಮೂಡಿತು.

ಆಫೀಸಿನ ಟೀಮ್ ಲೀಡರ್ ಆಗಲೇ ಅವಳ ಕುರ್ಚಿಯ ಹಿಂದೆ ಬಂದು ನಿಂತಿದ್ದ. ಮೇಲ್ವಿಚಾರಕಿ ಮೈಕಿಗೆ ಕೈ ಅಡ್ಡ ಹಿಡಿದಳು.

“ಅಜ್ಜಿ ಸರ್. ಕರ್ಟನ್ ತೆಗೆಯೋಕೆ ಬಂದಿದ್ದಾರೆ, ಅಷ್ಟೇ.”

“ಉತ್ತರ ಹೇಳ್ಕೊಟ್ಟಿರಬಹುದು.”

“ಕಂಪ್ಯೂಟರ್ ನೆಟ್‌ವರ್ಕಿನ ಪ್ರಶ್ನೆಗೆ? ಆ ಅಜ್ಜಿ?”

“ಇಲ್ಲ ಅಂತ ನನಗೂ ಗೊತ್ತಮ್ಮ,” ಎಂದು ಅವನು ಹಣೆ ಉಜ್ಜಿಕೊಂಡ. “ಎಲ್ಲಾ ರೆಕಾರ್ಡ್ ಆಗಿದೆ. ಬಿಟ್ರೆ ನಾಳೆ ನೀವೂ ಮನೇಲಿ, ನಾನೂ ಮನೇಲಿ. ಮುಗಿಸಿ.”

ಅವಳು ಗುಂಡಿ ಒತ್ತಿದಳು. ಪರೀಕ್ಷೆ ರದ್ದಾಗಿದೆ, ಸಹಕಾರಕ್ಕೆ ಧನ್ಯವಾದ ಎಂದು ಬಾಯಿಪಾಠ ಒಪ್ಪಿಸಿದಳು. ತನ್ನ ದನಿ ತನಗೇ ಅಸಹ್ಯವಾಯಿತು.

“ಮೇಡಂ, ಅವರಿಗೆ ಸಹಿ ಹಾಕೋಕೂ ಬರಲ್ಲ ಮೇಡಂ!” ಎಂದಳು ಹುಡುಗಿ. ಆಮೇಲೆ ಎದ್ದು ಹೊರಗೆ ಹೋದಳು. ಅಳುವುದಕ್ಕೂ ಅವಳಲ್ಲಿ ತ್ರಾಣ ಉಳಿದಂತಿರಲಿಲ್ಲ.

ಖಾಲಿ ಕುರ್ಚಿಯ ಹತ್ತಿರ ಮುದುಕಿ ಬಂದು ಬಗ್ಗಿದಳು. ಅವಳ ಮುಖ ತೆರೆಯ ತುಂಬ ತುಂಬಿಕೊಂಡಿತು.

“ಯಾರಮ್ಮ ಒಳಗೆ ಮಾತಾಡ್ತಿರೋದು?”

ಸಂಪರ್ಕ ಕಡಿಯಬೇಕಿತ್ತು. ಟೀಮ್ ಲೀಡರ್ ಬೇರೆ ಸಾಲಿಗೆ ಹೋಗಿದ್ದ. “ಪರೀಕ್ಷೆ ಕಾಯೋಳು ಅಜ್ಜಿ,” ಎಂದಳು ಮೇಲ್ವಿಚಾರಕಿ ಮೆಲ್ಲಗೆ.

“ನನ್ನಿಂದ ಕೆಡ್ತಾ?”

“ನಿಮ್ಮಿಂದ ಅಲ್ಲ ಅಜ್ಜಿ. ಕರ್ಟನ್ ಹಾಕಿಸಿದ್ದು ನಾನೇ.”

“ನೀನೇನು ಮಾಡ್ತೀಯ ಬಿಡು, ನಿನ್ನ ಕೆಲಸ ಅದು,” ಎಂದು ಮುದುಕಿ ಅವಳನ್ನೇ ಸಮಾಧಾನ ಮಾಡಿದಳು. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು. “ಕಾಲೇಜು ಓದು ಅಂದ್ರು, ಓದಿದಳು, ಅರ್ಧಕ್ಕೆ ನಿಂತಿತು. ಅದು ಬೇಡ, ಇದು ಬರಿ ಅಂದ್ರು, ಇದೂ ಹೋಯ್ತು. ನಮಗೆ ಹೇಳೋರು ಕೇಳೋರು ಯಾರೂ ಇಲ್ಲ. ನೀನು ಜಾಣೆ, ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ತೀಯ. ನೀನು ಏನು ಓದಿ ಈ ಕೆಲಸ ಹಿಡಿದೆ, ಹೇಳು ತಾಯಿ. ಇವಳಿಗೂ ಅದನ್ನೇ ಓದಿಸ್ತೀನಿ.”

ಎಂ.ಎಸ್ಸಿ. ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

“ಈ ಕೆಲಸಕ್ಕೆ ಓದಿದ್ದನ್ನ ಯಾರೂ ಕೇಳಲೇ ಇಲ್ಲ ಅಜ್ಜಿ,” ಎಂದಳು. “ಕಣ್ಣು ಚೆನ್ನಾಗಿದ್ಯಾ ಅಂತ ನೋಡಿ ತಗೊಂಡ್ರು.”