ಸಣಕಲನ ಅಂಗಿ

ಆ ಹೊಲಿಗೆ ತನ್ನದಲ್ಲ ಎಂದು ದರ್ಜಿಗೆ ಒಂದೇ ನೋಟಕ್ಕೆ ತಿಳಿಯಿತು.

ಅಂಗಿ ಮಾತ್ರ ಅವನದೇ. ಬೀರುವಿನಲ್ಲಿ ಹೆಂಡತಿಯ ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟಿತ್ತು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಒಳಕ್ಕೆ ಹಿಡಿದು, ಮತ್ತೆ ಹೊಲಿದಿದ್ದರು. ಹೊಲಿದವರು ಯಾರೆಂದು ಕೇಳಬೇಕೆ? ದಾರದ ಕೊನೆಗೆ ಎರಡೆರಡು ಗಂಟು ಹಾಕುವುದು ಅವಳದೇ ಚಾಳಿ. ಹೊಲಿಗೆ ಕಲಿಸಿದವನು ಇವನೇ ಅಲ್ಲವೆ!

ಟೇಪು ಹಿಡಿದು ಅಳೆದ. ಎದೆ ಮೂವತ್ತಾರು. ಅವನದು ನಲವತ್ತೆರಡು. ಮದುವೆಯಾದಾಗಿನಿಂದ ಅದೇ ಅಳತೆ. ಮತ್ತೆ ಅಳೆದುಕೊಳ್ಳುವ ಗೊಡವೆಗೇ ಹೋಗಿರಲಿಲ್ಲ. ಇದು ಯಾರೋ ಸಣಕಲನಿಗೆ ಹೊಲಿದದ್ದು.

ಸಣಕಲ ಎಂದರೆ ಇನ್ಯಾರು, ಆ ಡಾಕ್ಟರೇ! ಇವನ ಹಾಳು ಕೆಮ್ಮು ನೋಡಲು ಬಂದವನು ಬಾಗಿಲ ಬಳಿ ಅವಳೊಂದಿಗೆ ಎಷ್ಟು ಹೊತ್ತು ಪಿಸುಗುಟ್ಟಿದ್ದ! "ಏನಂತೆ?" ಎಂದರೆ "ಏನಿಲ್ಲ ಬಿಡಿ" ಎಂದು ಮುಖ ತಪ್ಪಿಸಿದ್ದಳು. ಅಂಗಡಿಯ ನಿಲುವುಗನ್ನಡಿ ಅವಳ ಕೈಜಾರಿ ಒಡೆದದ್ದೂ ಅದೇ ವಾರ. ಹೊಸದು ತರೋಣವೆಂದರೆ ನಾಳೆ, ನಾಡಿದ್ದು. ಮನಸ್ಸು ಎಲ್ಲೋ ಇರುವವಳಿಗೆ ಕನ್ನಡಿಯ ಚಿಂತೆ ಯಾಕೆ?

ಕೇಳಿ ನೋಡು ಎಂದಿತು ಒಂದು ಮನಸ್ಸು. ಕೇಳುವುದೇನು, ಮುಗಿಸಿಬಿಡು ಎಂದಿತು ಇನ್ನೊಂದು. ದೊಡ್ಡ ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಯಾಕೋ ಅದು ಇವತ್ತು ಬಲು ಭಾರ. ಸಿಟ್ಟಿಗೆ ಹಾಗಾಗುತ್ತಿದೆ ಎಂದುಕೊಂಡ.

ಅವಳು ಒಳಗೆ ಬಂದಳು. ಅಂಗಿ ಕಂಡದ್ದೇ ಬಿಳಿಚಿಕೊಂಡಳು.

"ಯಾರಿಗೆ ಇದು?"

"ನಿಮಗೇ ರೀ."

"ನನ್ನ ಕಿವಿಗೇ ಹೂ ಇಡ್ತೀಯಾ?"

ಅವಳು ಕತ್ತರಿಯನ್ನೂ ನೋಡಿದಳು. ಓಡಲಿಲ್ಲ. "ಹಾಕ್ಕೊಂಡು ನೋಡಿ."

"ನೋಡೇಬಿಡ್ತೀನಿ! ಒಂದು ಗುಂಡಿ ಕೂಡಿದ್ರೆ ಹೇಳು!"

ಎದ್ದು ನಿಂತು, ಮೈಮೇಲಿನ ಅಂಗಿಯನ್ನು ಕಿತ್ತುಹಾಕಿದ. ಕೀಳುವಾಗ ಅದರ ಪಕ್ಕದಲ್ಲೂ ಏನೋ ಬೆರಳಿಗೆ ತಾಗಿತು. ಎರಡೆರಡು ಗಂಟು. ಇದನ್ನೂ ಅವಳು ಒಳಕ್ಕೆ ಹಿಡಿದಿದ್ದಳೆ? ಆದರೂ ಹಟಕ್ಕೆ ಬಿದ್ದು ಈ ಅಂಗಿಯನ್ನು ತೊಟ್ಟ. ಕತ್ತಿನಿಂದ ಕೆಳಗಿನವರೆಗೆ ಗುಂಡಿಗಳೆಲ್ಲ ಸಲೀಸಾಗಿ ಕೂತವು.

ಅಂಗಿ ಇನ್ನೂ ಸಡಿಲವೇ ಇತ್ತು.