ಇವತ್ತಿನ ಡೇಟಾ

ಜೋಡಿಯಾಗಿ ಲಾಡ್ಜಿಗೆ ಬಂದವರ ವಿವರ ದಿನವೂ ಕ್ಲೌಡ್‌ನಿಂದ ಸಂಘಟನೆಯ ಹುಡುಗರ ಮೊಬೈಲಿಗೆ ತಾನಾಗಿ ಎಕ್ಸ್‌ಪೋರ್ಟ್ ಆಗುತ್ತಿತ್ತು. ಇವತ್ತು ಅದು ನಿಂತಿತ್ತು. ಹುಡುಗರು ರಾಡು ಹಿಡಿದು ಹೊರಗೆ ಬೈಕುಗಳ ಮೇಲೆ ಕಾಯುತ್ತಿದ್ದರು.

ಲೀಡರ್ ಕಂಪ್ಯೂಟರಿನವನ ಕೂದಲು ಹಿಡಿದೆಳೆದ. "ಎಂತಕ್ಕೆ ನಿಂತದ್ದು?"

"ಪರ್ಮಿಷನ್ ಸರಿ ಉಂಟು ಅಣ್ಣ. ನೆಟ್ ಸಹ ಉಂಟು. ಯಾರೋ ಬೇಕಂತಲೇ ನಿಲ್ಲಿಸಿದ್ದು."

"ಯಾರು?"

ಅವನು ಹೊರಗಿದ್ದ ಹುಡುಗರತ್ತ ನೋಡಿದ. ಲೀಡರ್ ಅವನ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿದ. ಮೂಳೆ ಲಟಕ್ಕೆಂದಿತು.

"ನಾನೇ ಅಣ್ಣ. ಇವತ್ತಿನದನ್ನು ಮೊದಲು ನೀವೊಬ್ಬರೇ ನೋಡಿ."

"ನಂಗೆ ನೋಡ್ಲಿಕ್ಕೆ ಎಂತ ಉಂಟು? ಕಳಿಸು."

ಇನ್ನೊಂದು ಬೆರಳು ಮುರಿದಾಗ ಅವನು ಎಡಗೈಯಿಂದ ಬಟನ್ ಒತ್ತಿದ. ಹೊರಗೆ ಮೊಬೈಲುಗಳು ಒಟ್ಟಿಗೇ ಸದ್ದು ಮಾಡಿದವು. ಬೈಕುಗಳು ಹೊರಟುಹೋದವು.

ಲೀಡರ್ ಬೆವರು ಒರೆಸಿಕೊಂಡು ತನ್ನ ಮೊಬೈಲ್ ತೆಗೆದ. ಮೊದಲ ಸಾಲಿನಲ್ಲೇ ಲಾಡ್ಜಿನ ಹೆಸರು, ರೂಮ್ ನಂಬರ್, ಅವನ ಮಗಳ ಹೆಸರು.

ಅವನು ಹುಡುಗರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದ. ಹೊರಟ ಮೇಲೆ ಯಾರ ಫೋನನ್ನೂ ಎತ್ತಬಾರದು ಎಂಬ ನಿಯಮ ಮಾಡಿದವನು ಅವನೇ. ಯಾರೂ ಎತ್ತಲಿಲ್ಲ.

"ನಿಲ್ಲಿಸು ಮಾರಾಯ," ಎಂದ.

"ನಿಲ್ಲಿಸಿಯೇ ಇಟ್ಟಿದ್ದೆ ಅಣ್ಣ."